ಆಕರಪಟ್ಟಿಯಲ್ಲಿ ಗುರುಗಳ ಹೆಸರು

ಅಲ್ಪವಿರಾಮ ಎಲ್ಲಿ ಬರಬೇಕು, ಪೂರ್ಣವಿರಾಮ ಎಲ್ಲಿ ಬರಬೇಕು ಎಂಬ ವಿಷಯದಲ್ಲಿ ನಾನು ಯಾರೊಂದಿಗೆ ಬೇಕಾದರೂ ಜಗಳಕ್ಕೆ ನಿಲ್ಲಬಲ್ಲೆ. ಕಾಲೇಜಿನ ಲೈಬ್ರರಿಯಿಂದ ನಿವೃತ್ತಳಾದ ಮೇಲೆ ಅದೇ ನನ್ನ ಕಸುಬಾಯಿತು. ಚೆನ್ನೈಯ ವೆಸ್ಟ್ ಮಾಂಬಲದ ನಮ್ಮ ಫ್ಲ್ಯಾಟಿಗೆ ಪಿಎಚ್‌ಡಿ ಮಾಡುವವರು ಲ್ಯಾಪ್‌ಟಾಪ್ ಹೊತ್ತುಕೊಂಡು ಬರುತ್ತಾರೆ. ಪ್ರಬಂಧ ಬರೆದಾಗಿರುತ್ತದೆ, ಕೊನೆಯ ಆಕರಪಟ್ಟಿ ಮಾತ್ರ ಕಲಸುಮೇಲೋಗರವಾಗಿರುತ್ತದೆ. ಯಾವ ಪುಸ್ತಕದಿಂದ ಏನು ತೆಗೆದುಕೊಂಡರು, ಅದನ್ನು ಬರೆದವರು ಯಾರು, ಅಚ್ಚಾದದ್ದು ಎಲ್ಲಿ ಎಂದು ಹೇಳುವ ಪುಟಗಳವು. ಅವನ್ನು ಯಾರೂ ಓದುವುದಿಲ್ಲ ಎಂದು ಹುಡುಗರಿಗೆ ನಂಬಿಕೆ. ನಾನು ಮೊದಲು ಓದುವುದೇ ಅವನ್ನು. ಯಾರ ಕೈಯಲ್ಲಿ ಉಂಡವರು ಎಂದು ಗೊತ್ತಾದರೆ ಆಮೇಲಿನ ಮಾತಿಗೆ ಬೆಲೆ ಕಟ್ಟಬಹುದು.

ನಮ್ಮ ಕಡೆಯವರ ಹೆಸರುಗಳದ್ದೇ ದೊಡ್ಡ ತಾಪತ್ರಯ. ಹೆಚ್ಚಿನವರಿಗೆ ಮನೆತನದ ಹೆಸರೆಂಬುದು ಇಲ್ಲ. ಮುಂದೆ ತಂದೆಯ ಹೆಸರಿನ ಒಂದಕ್ಷರ, ಹಿಂದೆ ತನ್ನ ಹೆಸರು, ಅಷ್ಟೇ. ಕಂಪ್ಯೂಟರ್ ಮನೆತನದ ಹೆಸರು ಕೊಡು ಎಂದು ಹಟ ಹಿಡಿಯುತ್ತದೆ. ಪಾಪದ ಹುಡುಗಿ ಅಪ್ಪನ ಹೆಸರು ಕೊಡುತ್ತಾಳೆ. ಆಮೇಲೆ ಲೋಕದಲ್ಲಿ ಅವಳ ಸಂಶೋಧನೆಯೆಲ್ಲ ಅವಳಪ್ಪನ ಖಾತೆಗೆ ಹೋಗುತ್ತದೆ. ಆ ಅಪ್ಪ ಎಲ್ಲೋ ಬ್ಯಾಂಕಿನಲ್ಲಿ ಕೆಲಸ ಮಾಡಿಕೊಂಡು ಹಾಯಾಗಿರುತ್ತಾನೆ. ಇಂಥವನ್ನು ಸರಿಮಾಡುವುದು ನನ್ನ ಕೆಲಸ. ಇನ್ನು ಡಾಕ್ಟರ್, ಪ್ರೊಫೆಸರ್, ಶ್ರೀ, ಶ್ರೀಮತಿ ಇತ್ಯಾದಿಗಳನ್ನು ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟ ಹಾಗೆ ಪಟ್ಟಿಯ ಹೊರಗೆ ಬಿಟ್ಟು ಬರಬೇಕು. ಪಟ್ಟಿಯೊಳಗೆ ದೊಡ್ಡವರು ಚಿಕ್ಕವರು ಎಂದಿಲ್ಲ. ನನಗೆ ಅದರ ಬಗ್ಗೆ ಎಂದೂ ಬೇಸರವಾಗಿರಲಿಲ್ಲ. ಬೇಸರವಾದದ್ದು ನಮ್ಮ ಚಿಕ್ಕಪ್ಪನಿಗೆ.

ಚಿಕ್ಕಪ್ಪ ಎಂದರೆ ನಮ್ಮಪ್ಪನ ಕೊನೆಯ ತಮ್ಮ. ಚಿಕ್ಕಮ್ಮ ತೀರಿಕೊಂಡ ಮೇಲೆ ನನ್ನ ಜೊತೆ ಇರಲು ಬಂದರು. ಮಕ್ಕಳಿಲ್ಲ. ನಾನು ಮದುವೆಯಾದವಳಲ್ಲ. ಇಬ್ಬರ ಮಡಿಗೂ ಮುಂಗೋಪಕ್ಕೂ ಒಂದೇ ಅಡುಗೆಮನೆ ಸಾಕಾಗಿತ್ತು. ಲೆಕ್ಕಪತ್ರದ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಆದರೆ ಅವರ ಜೀವ ಇದ್ದದ್ದು ಇನ್ನೊಂದು ಲೆಕ್ಕದಲ್ಲಿ, ಏಕಾದಶಿಯ ಲೆಕ್ಕದಲ್ಲಿ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ವೈಷ್ಣವ ಮನೆಗಳಲ್ಲಿ ಏಕಾದಶಿ ಎಂದರೆ ಹಿರಿಯರು ತೊಟ್ಟು ನೀರೂ ಮುಟ್ಟದ ಉಪವಾಸ. ಬೆಳಗಿನ ಜಾವದಲ್ಲಿ ಹಿಂದಿನ ತಿಥಿಯ ಸೋಂಕು ಒಂದಿಷ್ಟು ಉಳಿದಿದ್ದರೂ ಉಪವಾಸ ಮರುದಿನಕ್ಕೆ ಸರಿಯುತ್ತದೆ. ಪಂಚಾಂಗ ಬರುವುದು ಕನ್ನಡನಾಡಿನಿಂದ, ಅಲ್ಲಿನ ಸೂರ್ಯೋದಯಕ್ಕೆ ಲೆಕ್ಕ ಹಾಕಿದ್ದು. ಚೆನ್ನೈಯಲ್ಲಿ ಸೂರ್ಯ ಅಲ್ಲಿಗಿಂತ ಮೊದಲೇ ಹುಟ್ಟುತ್ತಾನೆ. ಹಾಗಾಗಿ ಅಲ್ಲಿ ಸರಿಯಾದ ದಿನ ಇಲ್ಲಿ ಒಮ್ಮೊಮ್ಮೆ ತಪ್ಪು ದಿನ. ಎಷ್ಟೋ ತಲೆಮಾರಿನಿಂದ ಈ ಊರಲ್ಲಿರುವ ನಮ್ಮವರು ಈ ವ್ಯತ್ಯಾಸವನ್ನು ಹೇಗೆ ಸರಿದೂಗಿಸಿಕೊಂಡು ಬಂದರು ಎಂಬುದರ ಮೇಲೆ ಚಿಕ್ಕಪ್ಪ ಇಂಗ್ಲಿಷಿನಲ್ಲಿ ಒಂದು ಲೇಖನ ಬರೆದರು. ಕೈಯಲ್ಲಿ ಬರೆದದ್ದನ್ನು ನಾನು ಟೈಪ್ ಮಾಡಿದೆ. ವಿಜ್ಞಾನದ ಇತಿಹಾಸಕ್ಕೇ ಮೀಸಲಾದ ಒಂದು ಪತ್ರಿಕೆಗೆ ಕಳಿಸಿದೆವು. ಎಂಬತ್ತು ದಾಟಿದ ಮೇಲೆ ಮೊದಲ ಲೇಖನ! ಕಳಿಸಿದ ದಿನ ಪಾಯಸ ಮಾಡಿಸಿಕೊಂಡು ಉಂಡರು.

ಲೇಖನದ ಆಕರಪಟ್ಟಿ ನನ್ನ ಕೈಯಲ್ಲಿ ಸೊಗಸಾಗಿ ಬಂದಿತ್ತು. ಹಳೆಯ ಪಂಚಾಂಗಗಳು, ಟೀಕೆಗಳು, ಗಣಿತದ ಪುಸ್ತಕಗಳು, ಎಲ್ಲ ಸಾಲಾಗಿ ನಿಂತಿದ್ದವು. ನಾಲ್ಕನೆಯ ಭಾಗದಲ್ಲಿ ಮಾತ್ರ ಒಂದು ತೂತು. ಅಲ್ಲಿ ಬೆರಳಿನ ಗೆಣ್ಣುಗಳ ಮೇಲೇ ಎಣಿಸಿ ಮದ್ರಾಸಿನ ಸೂರ್ಯೋದಯಕ್ಕೆ ತಿಥಿಯನ್ನು ಹೊಂದಿಸುವ ಒಂದು ಕ್ರಮ ಇತ್ತು. ಕಾಗದ ಬೇಡ, ಪುಸ್ತಕ ಬೇಡ, ಒಲೆಯ ಮುಂದೆ ನಿಂತ ಹೆಂಗಸರೂ ಮಾಡಬಹುದಾದ ಲೆಕ್ಕ. ಅದರ ಕೆಳಗೆ ಚಿಕ್ಕಪ್ಪ ‘ಇದು ನಮ್ಮ ಪೂಜ್ಯ ಗುರುಗಳ ಪಾದದಡಿಯಲ್ಲಿ ಕಲಿತದ್ದು’ ಎಂದಷ್ಟೇ ಬರೆದಿದ್ದರು. ಯಾವ ಗುರುಗಳು ಎಂದಿರಲಿಲ್ಲ.

ಪತ್ರಿಕೆಯ ಪರಿಶೀಲಕರಿಂದ ಉತ್ತರ ಬಂತು. ಲೇಖನ ಬಹಳ ಚೆನ್ನಾಗಿದೆ, ಅದರಲ್ಲೂ ನಾಲ್ಕನೆಯ ಭಾಗದ ಕ್ರಮ ಲೇಖಕರ ಸ್ವಂತ ಕೊಡುಗೆ, ಈವರೆಗೆ ಎಲ್ಲೂ ದಾಖಲಾಗಿಲ್ಲ ಎಂದಿದ್ದರು. ಪೂಜ್ಯ ಗುರುಗಳ ವಾಕ್ಯ ಅಲಂಕಾರದಂತಿದೆ, ಅದನ್ನು ತೆಗೆಯಬೇಕು ಅಥವಾ ಮೂಲವನ್ನು ಹೆಸರು ಸಹಿತ ಕೊಡಬೇಕು ಎಂದೂ ಇತ್ತು. ನಾನು ಖುಷಿಯಿಂದ ಓದಿ ಹೇಳುತ್ತಿದ್ದೆ. ಚಿಕ್ಕಪ್ಪ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು.

“ಸ್ವಂತ ಕೊಡುಗೆ ಅಂತೇನೆ? ನಂದು ಅಂತಲೆ?”

“ಹೌದು ಚಿಕ್ಕಪ್ಪ, ನಿಮ್ಮದು ಅಂತಲೇ ತಿಳ್ಕೊಂಡಿದಾರೆ.”

“ಕೃಷ್ಣ ಕೃಷ್ಣಾ! ಉಂಡ ಮನೆಗೆ ಎರಡು ಬಗೆದ ಹಾಗಾಯ್ತಲ್ಲೇ. ಅದು ಅವರದು. ಪೂರ್ತಿ ಅವರದೇ. ನಾನು ಒಂದು ಗೆಣ್ಣು ಕೂಡ ಆಚೀಚೆ ಮಾಡಿಲ್ಲ.”

“ಸರಿ, ಹಾಗಾದ್ರೆ ಹೆಸರು ಹೇಳಿ. ಪಟ್ಟಿಗೆ ಸೇರಿಸ್ತೀನಿ. ಇದೇನು ದೊಡ್ಡ ವಿಷಯ?”

ಅವರು ಹೇಳಲಿಲ್ಲ. ಮರೆತಿದ್ದಾರೇನೋ ಎಂದುಕೊಂಡೆ. ಮರೆವಲ್ಲ. ಗುರುಗಳ ಹೆಸರನ್ನು ಶಿಷ್ಯ ಬಾಯಲ್ಲಿ ಹೇಳಬಾರದು, ಅದು ಅವರ ಕಟ್ಟು. ನಮ್ಮಜ್ಜಿ ತನ್ನ ಗಂಡನ ಹೆಸರನ್ನು ಹೇಳದೆ ಸತ್ತಳಲ್ಲ, ಹಾಗೆ. ಹೆಸರು ಹೇಳಿದರೆ ಅವರ ಆಯುಸ್ಸು ಕಡಿಮೆಯಾಗುತ್ತದಂತೆ. “ಅವರು ಹೋಗಿ ಎಷ್ಟೋ ಕಾಲ ಆಯ್ತಲ್ಲ, ಇನ್ನೇನು ಆಯುಸ್ಸು?” ಎಂದು ನಾನು ರೇಗಿದೆ. “ಹೋಗಿರೋದು ದೇಹ ತಾನೆ ಮಗು” ಎಂದರು. ಬರೆದು ಕೊಡಿ ಎಂದೆ. ಬರೆಯುವುದೂ ಹೇಳಿದ ಹಾಗೆಯೇ ಎಂದರು. ಹೆಸರಿನ ಮುಂದೆ ಏನೇನು ಹಾಕುತ್ತೀ ಎಂದು ಕೇಳಿದರು. ಏನೂ ಹಾಕುವುದಿಲ್ಲ, ಬರೀ ಹೆಸರು, ಅಲ್ಪವಿರಾಮ, ಇನಿಷಿಯಲ್ ಎಂದೆ. ಅವರ ಮುಖ ಹೇಗಾಯಿತೆಂದರೆ, ನಾನು ಯಾರ ಮೇಲೋ ಕೈ ಮಾಡಿದೆನೇನೋ ಎನ್ನಬೇಕು.

ಕೋಪ ಬಂತು, ನಿಜ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಎಷ್ಟೋ ಸಂಶೋಧಕರನ್ನು ಕಂಡಿದ್ದೇನೆ. ಮೂಲವನ್ನು ಮುಚ್ಚಿಟ್ಟು ತನ್ನದೆಂದು ಹೇಳಿಕೊಳ್ಳುವವರನ್ನು ಹಿಡಿದು ಬೆವರಿಳಿಸಿದ್ದೇನೆ. ತನ್ನದಲ್ಲ ತನ್ನದಲ್ಲ ಎಂದು ಒದ್ದಾಡುತ್ತಲೇ ಮೂಲವನ್ನು ಹೇಳಲಾರದ ಮನುಷ್ಯನನ್ನು ಮಾತ್ರ ಆ ದಿನವೇ ಕಂಡದ್ದು. ಹೆಸರು ಹೇಳಿದರೆ ಅಪಚಾರ, ಹೇಳದಿದ್ದರೆ ಕಳ್ಳತನ. ಚಿಕ್ಕಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕೊನೆಗೆ ಅವರೇ ಒಂದು ದಾರಿ ಹುಡುಕಿದರು. “ತಿರುವೊಟ್ಟಿಯೂರಾಚಾರ್ಯರು ಅಂತ ಹಾಕು. ಗೊತ್ತಿರೋವ್ರಿಗೆ ಗೊತ್ತಾಗತ್ತೆ.”

ಈ ಊರಿನ ನಮ್ಮ ಮನೆಗಳಲ್ಲಿ ಯಾರನ್ನೂ ಹೆಸರಿನಿಂದ ಕರೆಯುವುದಿಲ್ಲ, ವಾಸದ ಜಾಗದಿಂದ ಕರೆಯುತ್ತೇವೆ. ಮಾಂಬಲದ ಅತ್ತೆ, ಕೀಲ್ಪಾಕ್ ಮಾವ, ಹೀಗೆ. ಅತ್ತೆ ಮನೆ ಬದಲಾಯಿಸಿದರೂ ಮಾಂಬಲ ಬಿಡುವುದಿಲ್ಲ. ಆ ಗುರುಗಳು ಊರಿನ ಉತ್ತರದ ಅಂಚಿನಲ್ಲಿರುವ ತಿರುವೊಟ್ಟಿಯೂರಿನ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಸಂಜೆ ಮನೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹುಡುಗರಿಗೆ ಜ್ಯೋತಿಷದ ಗಣಿತ ಹೇಳಿಕೊಡುತ್ತಿದ್ದರು, ಪಾಠ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಒಂದಕ್ಷರವನ್ನೂ ಕಾಗದದ ಮೇಲೆ ಬಿಟ್ಟು ಹೋಗಲಿಲ್ಲ. ಚಿಕ್ಕಪ್ಪ ಹುಡುಗನಾಗಿದ್ದಾಗ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಕಲಿತರು. ಚಿಕ್ಕಂದಿನಿಂದಲೂ ನಮ್ಮ ಮನೆಯಲ್ಲಿ ಅವರ ಮಾತು ಕೇಳಿದ್ದೇನೆ. ತಿರುವೊಟ್ಟಿಯೂರಾಚಾರ್ಯರ ಕ್ರಮ, ತಿರುವೊಟ್ಟಿಯೂರಾಚಾರ್ಯರು ಹೇಳಿದ ದಿನ. ಅವರಿಗೆ ಬೇರೆ ಹೆಸರಿರಬಹುದು ಎಂದು ನನಗೂ ತೋಚಿರಲಿಲ್ಲ.

ಬಾಯಿಂದ ಕಲಿತದ್ದನ್ನು ಪಟ್ಟಿಯಲ್ಲಿ ಸೇರಿಸಲು ಅನೇಕ ಪದ್ಧತಿಗಳಲ್ಲಿ ಅವಕಾಶವಿಲ್ಲ. ಓದುಗ ಹೋಗಿ ನೋಡಲಾಗದ್ದು ಆಕರವೇ ಅಲ್ಲ ಎನ್ನುತ್ತಾರೆ. ಬೇರೆ ಕೆಲವು ದೇಶಗಳಲ್ಲಿ ಹಿರಿಯರ ಬಾಯಿಪಾಠವನ್ನೂ ಪುಸ್ತಕದ ಸಮಕ್ಕೆ ಪಟ್ಟಿಯಲ್ಲಿ ನಮೂದಿಸುವ ರೂಢಿ ಬಂದಿದೆ. ಅದನ್ನೆಲ್ಲ ತೋರಿಸಿ ಸಂಪಾದಕರಿಗೆ ಉದ್ದ ಪತ್ರ ಬರೆದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಈ ಸಲ ಪೂಜಾರಿಯೂ ಕೊಟ್ಟ. ಸರಿ, ಸೇರಿಸೋಣ ಎಂದು ಸಂಪಾದಕರು ಒಪ್ಪಿದರು. ತಿರುವೊಟ್ಟಿಯೂರಾಚಾರ್ಯ, ಮೌಖಿಕ ಪಾಠ, ಮದ್ರಾಸ್ ಎಂದು ಬರೆದು ಕಳಿಸಿದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಇಬ್ಬರೂ ನೆಮ್ಮದಿಯಾಗಿದ್ದೆವು.

ಅಷ್ಟರಲ್ಲಿ ಚಿಕ್ಕಪ್ಪನಿಗೆ ಉಸಿರಾಟದ ತೊಂದರೆ ಶುರುವಾಯಿತು. ಕಾಲು ಬಾತುಕೊಂಡಿತು. ಕೀಲ್ಪಾಕಿನ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆ. ಹೃದಯ ದಣಿದಿದೆ, ಈ ವಯಸ್ಸಿನಲ್ಲಿ ಆಪರೇಷನ್ ಬೇಡ, ಔಷಧಿಯಲ್ಲಿ ಎಷ್ಟು ದಿನ ನಡೆಯುತ್ತದೋ ನೋಡೋಣ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ನಾನು ಚಿಕ್ಕಪ್ಪನಿಗೆ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಅವರಿಗೆ ತಿಳಿದಿತ್ತು ಎಂದು ಈಗ ಅನ್ನಿಸುತ್ತದೆ.

ಪತ್ರಿಕೆಯವರು ಅಚ್ಚಿಗೆ ಮುಂಚಿನ ಕರಡನ್ನು ಕಳಿಸಿದ್ದು ಆಗಲೇ. ತಪ್ಪಿದ್ದರೆ ಈಗಲೇ ತಿದ್ದಬೇಕು, ಆಮೇಲೆ ಆಗುವುದಿಲ್ಲ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಆಸ್ಪತ್ರೆಗೆ ಒಯ್ದೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ನೋಡಿದರು. ಕೊನೆಯ ಪುಟದಲ್ಲಿ ಬೆರಳು ನಿಂತಿತು.

“ಇದು ಯಾರೆ?”

ನೋಡಿದೆ. ಪತ್ರಿಕೆಯ ಯಂತ್ರವೋ ಯಾವನೋ ತಿದ್ದುವವನೋ ನಾನು ಕಳಿಸಿದ ಉದ್ದ ಹೆಸರನ್ನು ಎರಡಾಗಿ ಸೀಳಿ ಪದ್ಧತಿಗೆ ಹೊಂದಿಸಿಬಿಟ್ಟಿದ್ದರು. ‘ಆಚಾರ್ಯ, ಟಿ.’ ಎಂದಿತ್ತು. ಊರು ಇನಿಷಿಯಲ್ ಆಗಿತ್ತು, ಗೌರವದ ಪದ ಮನೆತನದ ಹೆಸರಾಗಿತ್ತು. ಹುಟ್ಟದ ಒಬ್ಬ ಮನುಷ್ಯ ಅಲ್ಲಿ ಕೂತಿದ್ದ. ಇದು ಅಚ್ಚಾದರೆ ಇನ್ನು ಮುಂದೆ ಆ ಕ್ರಮವನ್ನು ಬಳಸುವವರೆಲ್ಲ ಅವನ ಹೆಸರನ್ನೇ ಎತ್ತಿ ಬರೆಯುತ್ತಾರೆ. ಪಟ್ಟಿಯಿಂದ ಪಟ್ಟಿಗೆ ತಪ್ಪು ಹೇಗೆ ಹೋಗುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಒಮ್ಮೆ ಹೋದದ್ದನ್ನು ಹಿಂದಕ್ಕೆ ಕರೆಯಲಾಗುವುದಿಲ್ಲ.

ಚಿಕ್ಕಪ್ಪನಿಗೆ ಇದನ್ನು ವಿವರಿಸಿದೆ. ಮೆತ್ತಗೆ ಹೇಳಬೇಕಿತ್ತು, ಆದರೆ ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ. ಅವರು ಕರಡನ್ನು ಮಡಚಿ ನನ್ನ ಕೈಗಿಟ್ಟರು. “ನೀನು ಹೋಗಿ ಅವರ ಮಗಳನ್ನ ಕೇಳು” ಎಂದರು. “ತಿರುವೊಟ್ಟಿಯೂರಿನಲ್ಲೇ ಇದ್ದಾಳೆ, ದೇವಸ್ಥಾನದ ಹಿಂದಿನ ಬೀದಿ. ಮಗಳು ಅಪ್ಪನ ಹೆಸರು ಹೇಳಿದ್ರೆ ದೋಷ ಇಲ್ಲ. ಅವಳು ಹೇಳ್ಲಿ, ನೀನು ಬರ್ಕೋ. ನನ್ನ ಬಾಯಿಂದ ಬೇಡ.”

ಇದು ಮೊದಲೇ ತೋಚಬಾರದಿತ್ತೇ ಎಂದು ನಾನು ಗೊಣಗಿದೆ. ಆದರೂ ಸಮಾಧಾನವಾಯಿತು. ಮರುದಿನ ಬೆಳಿಗ್ಗೆ ಮಾಂಬಲದಲ್ಲಿ ಲೋಕಲ್ ರೈಲು ಹತ್ತಿ, ನಡುವೆ ಮೆಟ್ರೋಗೆ ಬದಲಾಯಿಸಿ ತಿರುವೊಟ್ಟಿಯೂರಿನಲ್ಲಿ ಇಳಿದೆ. ಸಮುದ್ರದ ಕಡೆಯಿಂದ ಒಣಮೀನಿನ ವಾಸನೆ, ಇನ್ನೊಂದು ಕಡೆಯಿಂದ ಕಾರ್ಖಾನೆಯ ವಾಸನೆ. ನಮ್ಮ ಮಡಿವಂತ ಮೇಷ್ಟ್ರು ಇಲ್ಲಿ ಹೇಗಿದ್ದರಪ್ಪಾ ಎಂದುಕೊಳ್ಳುತ್ತಾ ನಡೆದೆ. ಗಣಿತದ ಮೇಷ್ಟ್ರ ಮಗಳ ಮನೆ ಯಾವುದೆಂದು ಹೂ ಮಾರುವವಳನ್ನು ಕೇಳಿದೆ, ಸುಲಭವಾಗಿ ಸಿಕ್ಕಿತು. ಹಳೆಯ ಮನೆ ಹೋಗಿ ಅಲ್ಲಿ ಫ್ಲ್ಯಾಟುಗಳಾಗಿದ್ದವು. ಬಾಗಿಲ ಮೇಲೆ ಗುರುಗಳ ಅಳಿಯನ ಹೆಸರಿನ ಫಲಕವಿತ್ತು.

ಬಾಗಿಲು ತೆಗೆದ ಹೆಂಗಸು ನನಗಿಂತ ಹಿರಿಯರು. ತೆಳ್ಳಗೆ, ನೆಟ್ಟಗೆ ಇದ್ದರು. ಇಂಥವರ ಅಣ್ಣನ ಮಗಳು ಎಂದು ಕನ್ನಡದಲ್ಲಿ ಹೇಳಿಕೊಂಡೆ. “ಉಳ್ಳೆ ವಾಂಗೊ” ಎಂದು ತಮಿಳಿನಲ್ಲಿ ಒಳಗೆ ಕರೆದರು. ಕನ್ನಡ ಅರ್ಥವಾಗುತ್ತದೆ, ಅಪ್ಪ ಹೋದ ಮೇಲೆ ಮಾತಾಡಲು ಯಾರೂ ಇರಲಿಲ್ಲ, ಬಾಯಿಗೆ ಬರುವುದಿಲ್ಲ ಎಂದರು. ನಾನು ಕನ್ನಡದಲ್ಲಿ, ಅವರು ತಮಿಳಿನಲ್ಲಿ, ಹಾಗೆಯೇ ಮಾತು ನಡೆಯಿತು. ಚಿಕ್ಕಪ್ಪನ ಆರೋಗ್ಯ ವಿಚಾರಿಸಿದರು. ಅಪ್ಪನ ಶ್ರಾದ್ಧದ ದಿನ ವರ್ಷವೂ ತಪ್ಪದೆ ಫಲ ತಾಂಬೂಲ ಕಳಿಸುತ್ತಿದ್ದವರು ಎಂದು ನೆನೆದರು. ಕಾಫಿ ಕೊಟ್ಟರು. ನಾನು ಕರಡಿನ ಪುಟ ತೋರಿಸಿ, ಅಪ್ಪನ ಹೆಸರೂ ಇನಿಷಿಯಲ್ಲೂ ಬೇಕು ಎಂದು ಪೆನ್ನು ತೆಗೆದೆ.

ಅವರು ಪುಟವನ್ನು ನೋಡಿದರು. ಚಿಕ್ಕಪ್ಪನ ಹೆಸರು ಮೇಲೆ ದಪ್ಪಕ್ಷರದಲ್ಲಿತ್ತು.

“ಅವರೇ ಯಾಕೆ ಹೇಳಲಿಲ್ಲ?” ಎಂದರು.

ಕಾರಣ ಹೇಳಿದೆ. ಗುರುಭಕ್ತಿಯ ವಿಷಯ, ಅವರು ಮೆಚ್ಚಬಹುದು ಎಂದೇ ಹೇಳಿದೆ. ಮೆಚ್ಚಲಿಲ್ಲ. ದನಿ ಏರಿಸದೆ ಆಡಿದ ಆ ಮಾತುಗಳನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ. “ಅಪ್ಪನ ಹತ್ತಿರ ಎಷ್ಟೋ ಜನ ಕಲಿತರು. ಎಲ್ಲರೂ ಒಳ್ಳೆಯವರೇ. ಒಬ್ಬರೂ ಅವರ ಹೆಸರು ಹೇಳಲಿಲ್ಲ. ಗುರುಗಳು ಅಂದರು, ಆಚಾರ್ಯರು ಅಂದರು, ನಮಸ್ಕಾರ ಮಾಡಿದರು. ಅಪ್ಪ ಹೋದ ದಿನ ಬಾಗಿಲಲ್ಲಿ ಇಷ್ಟು ಜನ. ಸಾವು ಬರೆದುಕೊಳ್ಳಲು ಬಂದ ಗುಮಾಸ್ತ ಸತ್ತವರ ಹೆಸರೇನು ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿದರು. ಚಿಕ್ಕವಳು ನಾನೇ ಹೋಗಿ ಹೇಳಿದೆ. ಈಗ ನನ್ನ ಮೊಮ್ಮಗ ಕೇಳುತ್ತಾನೆ, ನಿನ್ನಪ್ಪ ದೊಡ್ಡ ವಿದ್ವಾಂಸರಂತಲ್ಲ, ಎಲ್ಲಿದೆ ಅವರ ಹೆಸರು ಅಂತ. ಫೋನಿನಲ್ಲಿ ಹುಡುಕಿದ, ಸಿಗಲಿಲ್ಲ. ನೀವೆಲ್ಲ ಅವರ ಹೆಸರನ್ನು ಅಷ್ಟು ಮಡಿಯಾಗಿ ಇಟ್ಟುಬಿಟ್ಟಿರಿ.”

“ಈಗಲಾದರೂ ಹಾಕಿಬಿಡೋಣ ಮಾಮಿ, ಹೇಳಿ” ಎಂದೆ.

“ಅವರೇ ಸೊಲ್ಲಟ್ಟುಂ.” ಅವರೇ ಹೇಳಲಿ. ಲೋಟಗಳನ್ನು ಎತ್ತಿಕೊಂಡು ಎದ್ದರು. “ನಾನು ಹೇಳಿದರೆ ಮಗಳು ಅಪ್ಪನ ಹೆಸರು ಹೇಳಿದ ಹಾಗಾಯಿತು. ಅದರಲ್ಲೇನಿದೆ? ಕಲಿತವರು ಹೇಳಬೇಕು. ಫೋನ್ ನಂಬರ್ ಕೊಡುತ್ತೇನೆ, ಅವರು ಹೇಳಿದ್ದನ್ನು ನನಗೆ ಕೇಳಿಸಿ. ಸರಿಯೋ ತಪ್ಪೋ ಹೇಳುತ್ತೇನೆ.” ಬಾಗಿಲವರೆಗೆ ಬಂದು ಇನ್ನೊಂದು ಮಾತು ಸೇರಿಸಿದರು. ಹೆಸರು ಬಂದರೆ ಪತ್ರಿಕೆಯಲ್ಲಿ ಬರಲಿ, ಇರಬೇಕಾದ ಜಾಗ ಅದು, ಕಥೆ ಗಿಥೆ ಬರೆದು ಅದರಲ್ಲಿ ಹಾಕಬೇಡಿ ಎಂದರು. ಅದಕ್ಕೇ ನಾನು ಇಲ್ಲಿ ಬರೆಯುತ್ತಿಲ್ಲ.

ಪಕ್ಕದ ಮನೆಯಲ್ಲಿ ವಿಚಾರಿಸಿದ್ದರೆ ಹೆಸರು ಸಿಗುತ್ತಿತ್ತು. ಆ ಬೀದಿಯಲ್ಲಿ ಯಾರಾದರೂ ಹೇಳುತ್ತಿದ್ದರು. ಮೆಟ್ರೋ ನಿಲ್ದಾಣದವರೆಗೆ ಅದನ್ನೇ ಯೋಚಿಸುತ್ತಾ ನಡೆದೆ. ನನ್ನ ಕಸುಬಿನವರು ಹಾಗೆಯೇ ಮಾಡುತ್ತಾರೆ, ಬಿಟ್ಟುಹೋದದ್ದನ್ನು ಎಲ್ಲಿಂದಾದರೂ ಹುಡುಕಿ ತುಂಬುತ್ತಾರೆ. ಆದರೆ ಅಷ್ಟು ಕೇಳಿಸಿಕೊಂಡ ಮೇಲೆ ಆ ಹೆಂಗಸಿನ ಬೆನ್ನ ಹಿಂದೆ ಅವರಪ್ಪನ ಹೆಸರನ್ನು ಕದ್ದು ತರುವುದು ನನ್ನಿಂದಾಗಲಿಲ್ಲ.

ಆಸ್ಪತ್ರೆಗೆ ನೇರ ಹೋದೆ. ಚಿಕ್ಕಪ್ಪ ದಿಂಬಿಗೆ ಒರಗಿ ಕಾಯುತ್ತಿದ್ದರು. ಮಾಮಿ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಬಾಗಿಲಲ್ಲಿ ಹೆಸರು ಕೇಳಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರಂತೆ ಎಂದಾಗ ಅವರು ಕಣ್ಣು ಮುಚ್ಚಿದರು.

“ನಾನೂ ಅಲ್ಲಿದ್ದೆ” ಎಂದರು. “ನನ್ನನ್ನೇ ಕೇಳಿದ್ದು ಮಗು. ಹೇಳ್ಲಿಲ್ಲ. ಅವರ ದೇಹ ಒಳಗಿತ್ತು, ಹೇಳ್ಬಾರ್ದು ಅಂತ ಬಾಯಿ ಕಚ್ಚಿಕೊಂಡಿದ್ದೆ. ಆ ಕೂಸು ಪಾವಾಡೆ, ಉದ್ದ ಲಂಗ, ಹಾಕ್ಕೊಂಡು ಬಂದು ಹೇಳ್ತು.” “ಕಾಪಾಡ್ತಿದೀನಿ ಅಂದ್ಕೊಂಡಿದ್ದೆ ಕಣೇ” ಎಂದರು.

ಆಗ ನಾನು ಮಾಡಿದ್ದು ಸರಿಯೋ ತಪ್ಪೋ, ಅವರನ್ನು ಒತ್ತಾಯಿಸಿದೆ. ಈಗಲೇ ಹೇಳಿ, ಫೋನ್ ಮಾಡಿ ಕೊಡುತ್ತೇನೆ ಎಂದೆ. ಆಗಲ್ಲ ಎಂದರು. ನಾಲಿಗೆ ಹೊರಳುವುದಿಲ್ಲ, ಇಷ್ಟು ವರ್ಷದ ಕಟ್ಟು ಎಂದರು. ಹಾಗಾದರೆ ನಿಮ್ಮ ಹೆಸರಿನಲ್ಲೇ ಅಚ್ಚಾಗಲಿ, ನಿಮ್ಮದೇ ಕೊಡುಗೆ ಅಂತ ಲೋಕ ಹೊಗಳಲಿ ಎಂದು ಹೇಳಿ ಎದ್ದು ಹೊರಗೆ ಬಂದೆ. ವರಾಂಡದ ಕುರ್ಚಿಯಲ್ಲಿ ಕೂತು ಅತ್ತೆ. ಅವರ ಮೇಲಿನ ಸಿಟ್ಟಿಗೋ, ಅವರು ಹೋಗಿಬಿಡುತ್ತಾರೆ ಎಂಬ ಹೆದರಿಕೆಗೋ, ಎರಡಕ್ಕೂ ಇರಬಹುದು. ದಾಟಿ ಹೋಗುತ್ತಿದ್ದ ನರ್ಸ್ ಏನೂ ಕೇಳದೆ ಒಂದು ಲೋಟ ನೀರು ತಂದು ಕೊಟ್ಟಳು.

ಪತ್ರಿಕೆ ಅಚ್ಚಾಗಿ ಬಂದಾಗ ಚಿಕ್ಕಪ್ಪ ಇರಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ಪ್ರತಿಯನ್ನು ತಿರುವೊಟ್ಟಿಯೂರಿಗೆ ತೆಗೆದುಕೊಂಡು ಹೋಗಿ ಕೊಟ್ಟೆ. ಇನ್ನೊಂದು ನನ್ನ ಮೇಜಿನ ಮೇಲಿದೆ. ಕೊನೆಯ ಪುಟದ ಆ ಸಾಲಿನಲ್ಲಿ ಅಲ್ಪವಿರಾಮ ಸರಿಯಾದ ಜಾಗದಲ್ಲಿದೆ. ಆಕರಪಟ್ಟಿ ತಂದ ಹುಡುಗ ಹುಡುಗಿಯರಿಗೆ ಈಗಲೂ ನಾನು ಬೈಯುತ್ತೇನೆ, ಆದರೆ ಹೆಸರಿನ ಸಾಲಿಗೆ ಬಂದಾಗ ದನಿ ತಗ್ಗುತ್ತದೆ. ಆ ಸಾಲಿನಲ್ಲಿರುವ ಮನುಷ್ಯನನ್ನು ಇನ್ನಾರೂ ಹೆಸರು ಹಿಡಿದು ಕರೆಯದಿದ್ದರೆ ಎಂದು ಹೆದರಿಕೆಯಾಗುತ್ತದೆ.

ಆ ದಿನ ಆಸ್ಪತ್ರೆಯಲ್ಲಿ ನಾನು ಮುಖ ತೊಳೆದು ಒಳಗೆ ಹೋದಾಗ ಚಿಕ್ಕಪ್ಪ ಎದ್ದು ಕೂತಿದ್ದರು. ಕೈಗೆ ಡ್ರಿಪ್ ಹಾಕಿದ್ದರಿಂದ ಒಬ್ಬರೇ ಏಳಬಾರದೆಂದು ನರ್ಸ್ ಎಷ್ಟು ಹೇಳಿದ್ದರೂ ಕಾಲು ಕೆಳಗೆ ಬಿಟ್ಟು ಕೂತಿದ್ದರು. ಒದ್ದೆ ಬಟ್ಟೆ ಕೇಳಿದರು. ಮುಖ, ಕೈ, ಬಾಯಿ ಒರೆಸಿಕೊಂಡರು. ತಿರುವೊಟ್ಟಿಯೂರು ಯಾವ ಕಡೆ ಎಂದು ಕೇಳಿದರು. ಬಾತ್‌ರೂಮಿನ ಬಾಗಿಲ ಕಡೆ ತೋರಿಸಬೇಕಾಗಿ ಬಂತು, ಬೇರೆ ದಾರಿ ಇರಲಿಲ್ಲ. “ಪರವಾಗಿಲ್ಲ” ಎಂದು ಆ ಕಡೆಗೇ ತಿರುಗಿದರು.

“ನಿನ್ನ ಪದ್ಧತಿಯಲ್ಲಿ ಮೊದಲು ಏನು ಬರತ್ತೆ?”

“ಅವರ ಹೆಸರು ಚಿಕ್ಕಪ್ಪ. ಆಮೇಲೆ ಅವರ ತಂದೆಯ ಹೆಸರಿನ ಅಕ್ಷರ.”

“ಮುಂದೆ ಶ್ರೀ ಇಲ್ಲ?”

“ಇಲ್ಲ.”

“ಕೊನೇಲಿ ಆಚಾರ್ಯರು ಅಂತ?”

“ಇಲ್ಲ ಚಿಕ್ಕಪ್ಪ.”

“ಬರೀ ಹೆಸರಾ.”

“ಬರೀ ಹೆಸರೇ.”

ಫೋನ್ ಹಚ್ಚು ಎಂದರು. ಮಾಮಿ ಎತ್ತಿದರು. ಚಿಕ್ಕಪ್ಪ ಮಾತಾಡುತ್ತಾರೆ ಎಂದು ಹೇಳಿ ಸ್ಪೀಕರ್ ಹಾಕಿ ಅವರ ಬಾಯಿಯ ಹತ್ತಿರ ಹಿಡಿದೆ. ಆ ಕಡೆ ಮಿಕ್ಸಿಯ ಸದ್ದು ಕೇಳುತ್ತಿತ್ತು, ಅದು ನಿಂತಿತು. ಚಿಕ್ಕಪ್ಪ ಎರಡು ಸಲ ಬಾಯಿ ತೆರೆದು ಮುಚ್ಚಿದರು. ಬೇಡ ಬಿಡಿ ಎನ್ನೋಣ ಎಂದು ನನಗೇ ಅನ್ನಿಸಿತು.

ಆಮೇಲೆ ಹೇಳಿದರು. ಹೆಸರು, ತಂದೆಯ ಹೆಸರು, ಊರು. ಕಚೇರಿಯಲ್ಲಿ ಹಾಜರಿ ಕೂಗಿದ ಹಾಗೆ ಬಿಡಿಸಿ, ಸ್ಪಷ್ಟವಾಗಿ, ಮುಂದೆ ಹಿಂದೆ ಏನೂ ಇಲ್ಲದೆ ಹೇಳಿದರು. ಎಲ್ಲರ ಹೆಸರಿನ ಹಾಗೆ ಅದೂ ಒಂದು ಸಾಧಾರಣ ಹೆಸರು. “ಇವರ ಹತ್ತಿರ ಕಲಿತೆ” ಎಂದರು.

ಲೈನ್ ತಪ್ಪಿತೇ ಎಂದು ನಾನು ಫೋನ್ ನೋಡಿದೆ, ತಪ್ಪಿರಲಿಲ್ಲ. ಆಮೇಲೆ ಆ ಹೆಂಗಸಿನ ದನಿ ಬಂತು. ಕನ್ನಡದಲ್ಲಿ, ತಡವರಿಸುವ, ಚಿಕ್ಕ ಹುಡುಗಿಯ ಕನ್ನಡದಲ್ಲಿ.

“ಹೌದು ಅಣ್ಣಾ. ನಮ್ಮಪ್ಪಾನೇ” ಎಂದರು. “ಇನ್ನೊಂದು ಸಲ ಹೇಳಿ.”

ಚಿಕ್ಕಪ್ಪ ಇನ್ನೊಂದು ಸಲ ಹೇಳಿದರು.